ಅನಾಗತ ದುಃಖವೂ ಅನನುಭವಿಯ ಹೊಣೆಯೂ

ತಾನು ಎಂದೂ ಕಾಣದ ವಿಪತ್ತಿನಿಂದ ಇತರರ ಪ್ರಾಣವನ್ನು ಕಾಯುವ ಹೊಣೆಯನ್ನು ಮನುಷ್ಯನು ಯಾವ ಜ್ಞಾನದ ಬಲದಿಂದ, ಯಾವ ಅಧಿಕಾರದಿಂದ ಹೊರಬಲ್ಲನು? ಈ ಪ್ರಶ್ನೆಯು ಮೇಲುನೋಟಕ್ಕೆ ಕಾರ್ಖಾನೆಗಳ ಆಡಳಿತಕ್ಕೆ ಸೇರಿದ ಒಂದು ಸಣ್ಣ ವ್ಯವಹಾರದಂತೆ ತೋರಬಹುದಾದರೂ, ತುಸು ಒಳಹೊಕ್ಕು ವಿಚಾರ ಮಾಡಿದವರಿಗೆ ಇದರಲ್ಲಿ ಪ್ರಮಾಣಗಳ ಪ್ರಶ್ನೆಯೂ, ಧರ್ಮದ ಪ್ರಶ್ನೆಯೂ, ದೈವ ಪುರುಷಕಾರಗಳ ಪುರಾತನ ವ್ಯಾಜ್ಯವೂ ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣದಿರದು.

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ನಲವತ್ತೋ ಐವತ್ತೋ ಮಂದಿ ದುಡಿಯುವ ಒಂದು ಸಣ್ಣ ಕಾರ್ಖಾನೆಯನ್ನು ಭಾವಿಸಿಕೊಳ್ಳೋಣ. ಲೆಕ್ಕಪತ್ರ ಬರೆಯಲೆಂದು ಸೇರಿದ ತರುಣನೊಬ್ಬನಿಗೆ ಒಂದು ದಿನ ಮಾಲೀಕರು, ಕೆಲಸಗಾರರ ಸುರಕ್ಷತೆಯನ್ನೂ ಕಟ್ಟಡದ ಕಾವಲನ್ನೂ ಇನ್ನು ಮುಂದೆ ನೀವೇ ನೋಡಿಕೊಳ್ಳಿ ಎಂದು ಹೇಳಿ, ಒಂದು ರಿಜಿಸ್ಟರನ್ನೂ ಬೀಗದ ಕೈಗಳ ಗೊಂಚಲನ್ನೂ ಅವನ ಮೇಜಿನ ಮೇಲಿಡುತ್ತಾರೆ. ಆ ತರುಣನು ಪವರ್ ಪ್ರೆಸ್ಸಿನ ಕೆಳಗೆ ಕೈ ಸಿಕ್ಕಿದುದನ್ನು ಕಂಡವನಲ್ಲ. ಗೋಡೌನಿನ ಥಿನ್ನರ್ ಡಬ್ಬಿಗಳಿಗೆ ಕಿಡಿ ತಗುಲಿದರೆ ಹೊಗೆಯು ಎಷ್ಟು ಬೇಗ ಮನುಷ್ಯನ ಮುಖದ ಮಟ್ಟಕ್ಕೆ ಇಳಿಯುವುದೆಂಬುದನ್ನು ಅರಿತವನಲ್ಲ. ನಡುರಾತ್ರಿ ಗೇಟಿನ ಬಳಿ ಅಪರಿಚಿತನೊಬ್ಬನು ಬಂದು ನಿಂತರೆ ಏನು ಮಾಡತಕ್ಕದ್ದೆಂದು ಯಾರಿಂದಲೂ ಕೇಳಿದವನಲ್ಲ. 1948ರ ಕಾರ್ಖಾನೆಗಳ ಕಾಯಿದೆಗೆ 1976ರಲ್ಲಿ ಸೇರಿಸಿದ ವಿಧಿಯು, ಸುರಕ್ಷತೆಗೆಂದೇ ಅಧಿಕಾರಿಯೊಬ್ಬನಿರಬೇಕೆಂದು ಸಾಮಾನ್ಯವಾಗಿ ಒತ್ತಾಯಿಸಿದುದು 1000 ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ದೊಡ್ಡ ಕಾರ್ಖಾನೆಗಳನ್ನು. ಸಣ್ಣ ಕಾರ್ಖಾನೆಗಳಲ್ಲಿ ಆ ಹೊಣೆಯು ಯಾರ ಕೈ ಬಿಡುವಾಗಿದೆಯೋ ಅವರ ಕೈಗೆ ಬೀಳುತ್ತದೆ. ಆದುದರಿಂದ ನಮ್ಮ ತರುಣನು ಅಪವಾದವಲ್ಲ. ನಾಡಿನಲ್ಲಿ ಇಂಥವರು ಸಾವಿರಾರು ಮಂದಿ ಇದ್ದಾರೆ, ಮತ್ತು ಅವರ ಎಚ್ಚರವನ್ನು ನೆಚ್ಚಿಕೊಂಡು ಲಕ್ಷಾಂತರ ಮಂದಿ ಬೆಳಗ್ಗೆ ಮನೆಯಿಂದ ಹೊರಡುತ್ತಾರೆ.

ಇವನಿಗೆ ಅನುಭವವಿಲ್ಲ, ಆದಕಾರಣ ಅಧಿಕಾರವೂ ಇಲ್ಲ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ತೀರ್ಪು ನಿಲ್ಲುವಂಥದಲ್ಲ. ಯೋಗಸೂತ್ರಗಳ ಎರಡನೆಯ ಪಾದದಲ್ಲಿ ಪತಂಜಲಿಯು, ನೀಗಿಕೊಳ್ಳತಕ್ಕ ದುಃಖವಾವುದೆಂದರೆ ಇನ್ನೂ ಬಾರದಿರುವ ದುಃಖವೇ ಎಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಕಳೆದುಹೋದ ದುಃಖವು ಉಂಡು ಮುಗಿದದ್ದು, ಈಗಿನ ದುಃಖವು ಉಣ್ಣುತ್ತಿರುವಂಥದು, ಇವೆರಡನ್ನೂ ಬಿಟ್ಟರೆ ಮನುಷ್ಯಪ್ರಯತ್ನಕ್ಕೆ ವಿಷಯವಾಗಿ ಉಳಿಯುವುದು ಮುಂಬರುವುದೊಂದೇ ಎಂದು ಭಾಷ್ಯಕಾರರು ಅದನ್ನು ವಿಶದಪಡಿಸಿದ್ದಾರೆ. ಮೋಕ್ಷಾರ್ಥಿಗಳಿಗಾಗಿ ಹೇಳಿದ ಮಾತು ಇದು. ಆದರೂ ಪ್ರಾಣರಕ್ಷಣೆಯ ಕಾರ್ಯಕ್ಕೆ ಇದಕ್ಕಿಂತ ನೇರವಾದ ಲಕ್ಷಣವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅಪಘಾತವಾದ ಮೇಲೆ ನಡೆಯುವುದು ಶುಶ್ರೂಷೆ, ವಿಚಾರಣೆ, ಪರಿಹಾರ. ರಕ್ಷಣೆಯೆಂಬುದು ಅನಾಗತಕ್ಕೆ ಮಾತ್ರ ಸಂಬಂಧಿಸಿದ್ದು. ಅನಾಗತವಾದರೋ ಯಾರ ಅನುಭವಕ್ಕೂ ಸಿಕ್ಕಿದುದಲ್ಲ. ಮೂವತ್ತು ವರ್ಷ ಬಾಯ್ಲರಿನ ಮುಂದೆ ನಿಂತ ಮೇಸ್ತ್ರಿಯೂ, ನಿನ್ನೆ ಸೇರಿದ ಹುಡುಗನೂ ನಾಳೆಯ ಸ್ಫೋಟದ ವಿಷಯದಲ್ಲಿ ಸಮಾನವಾಗಿ ಅನನುಭವಿಗಳು. ಇವರಿಬ್ಬರಿಗೂ ಇರುವ ಅಂತರವು ಊಹೆಗೆ ಆಧಾರವಾದ ಸಾಮಗ್ರಿಯಲ್ಲಿದೆಯೇ ಹೊರತು ಪ್ರತ್ಯಕ್ಷದಲ್ಲಿಲ್ಲ.

ಹಾಗಾದರೆ ಅನುಭವಕ್ಕೆ ಬೆಲೆಯಿಲ್ಲವೆ ಎಂದು ಕೇಳಬಹುದು. ಬೆಲೆಯುಂಟು, ಬಹಳ ಉಂಟು; ಆದರೆ ಅದರೊಡನೆ ಒಂದು ವಿಷವೂ ಉಂಟು. ನಮ್ಮ ಕಾರ್ಖಾನೆಗಳಲ್ಲಿ ಅತ್ಯಂತ ಹೆಚ್ಚಾಗಿ ಕೇಳಿಬರುವ ವಾದವೆಂದರೆ, ಇಷ್ಟು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇವೆ, ಏನೂ ಆಗಿಲ್ಲ, ಎಂಬುದು. ಈ ವಾದವನ್ನು ನಮ್ಮ ದಾರ್ಶನಿಕರು ಶತಮಾನಗಳ ಹಿಂದೆಯೇ ತೂಗಿ ನೋಡಿದ್ದಾರೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಒಂದು ಪ್ರಮಾಣವನ್ನು ಬೇರೆಯಾಗಿಯೇ ಅಂಗೀಕರಿಸಿದ್ದಾರೆ. ನೆಲದ ಮೇಲೆ ಗಡಿಗೆಯಿಲ್ಲವೆಂಬುದು, ಗಡಿಗೆಯು ಕಾಣದಿರುವುದರಿಂದಲೇ ತಿಳಿಯತಕ್ಕದ್ದು. ಆದರೆ ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದು ಹೇಳಲು ಅವರು ಒಪ್ಪರು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ. ಕತ್ತಲೆಯ ಕೋಣೆಯೊಳಗೆ ನಿಂತು ಗಡಿಗೆ ಕಾಣಲಿಲ್ಲವೆನ್ನುವವನು ಗಡಿಗೆಯ ವಿಷಯವಾಗಿ ಏನನ್ನೂ ಹೇಳಿದಂತಾಗಲಿಲ್ಲ. ಅಪಾಯವಿಲ್ಲವೆಂದು ಹೇಳುವ ನಮ್ಮ ಎಷ್ಟೋ ಮಾತುಗಳು ಈ ಕತ್ತಲೆಯ ಕೋಣೆಯೊಳಗಿನ ಮಾತುಗಳೇ.

ಮ್ಯಾನ್‌ಹೋಲುಗಳಲ್ಲಿಯೂ ಮುಚ್ಚಿದ ತೊಟ್ಟಿಗಳಲ್ಲಿಯೂ ಕೂಡುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ನೋಡಿರಿ. ಅಲ್ಪ ಪ್ರಮಾಣದಲ್ಲಿದ್ದಾಗ ಅದಕ್ಕೆ ಕೊಳೆತ ಮೊಟ್ಟೆಯ ನಾತವಿರುತ್ತದೆ. ಪ್ರಮಾಣವು ಮಾರಕವಾದ ಮಟ್ಟಕ್ಕೆ ಏರಿದಾಗ ಅದು ಮೊದಲು ಘ್ರಾಣಶಕ್ತಿಯನ್ನೇ ಕುಂದಿಸಿಬಿಡುತ್ತದೆ. ನಾತವು ಅಡಗಿತೆಂದು ನೆಮ್ಮದಿಗೊಂಡವನು ಆ ಕ್ಷಣದಲ್ಲಿಯೇ ಮೃತ್ಯುವಿನ ಬಾಯೊಳಗಿರುತ್ತಾನೆ. ಇಂದ್ರಿಯವು ತಾನು ಸೋತುದನ್ನು ತಾನೇ ತಿಳಿಯದಿರುವ ಈ ಪರಿಸ್ಥಿತಿಗಿಂತ ಅನುಪಲಬ್ಧಿಯ ಆ ನಿಯಮಕ್ಕೆ ಕಠೋರವಾದ ಉದಾಹರಣೆ ಇನ್ನೊಂದಿರಲಾರದು. ಇದಕ್ಕಿಂತಲೂ ಮನಸ್ಸನ್ನು ಕಲಕುವುದು ಮುಂದಿನ ಸಂಗತಿ. ಒಳಗಿಳಿದವನು ಕುಸಿದುದನ್ನು ಮೇಲಿಂದ ನೋಡಿದ ಸಂಗಾತಿಯು, ಕರುಣೆಯಿಂದ ಹಿಂದುಮುಂದು ನೋಡದೆ ತಾನೂ ಇಳಿಯುತ್ತಾನೆ. ಅವನನ್ನು ಎತ್ತಲು ಮೂರನೆಯವನು ಇಳಿಯುತ್ತಾನೆ. ಒಂದೇ ಗುಂಡಿಯಿಂದ ಎರಡು ಮೂರು ಶವಗಳನ್ನು ಹೊರತೆಗೆದ ಸುದ್ದಿಯು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದು ಹೀಗೆಯೇ. ಮನುಷ್ಯರು ಕೈಯಿಂದ ಮಲ ಬಳಿಯುವುದನ್ನು ನಿಲ್ಲಿಸಲು 1993ರಲ್ಲಿ ಒಂದು, ಮಲದ ಗುಂಡಿಗಿಳಿಯುವುದನ್ನೂ ತಡೆಯಲು 2013ರಲ್ಲಿ ಇನ್ನೊಂದು ಕಾಯಿದೆಯಾದ ಮೇಲೂ ಇದು ನಿಂತಿಲ್ಲ. ಇಲ್ಲಿ ಸತ್ತವರಲ್ಲಿ ಧೈರ್ಯದ ಕೊರತೆಯಿರಲಿಲ್ಲ, ದಯೆಯ ಕೊರತೆಯಂತೂ ಇರಲೇ ಇಲ್ಲ. ಧರ್ಮವೆಂದರೆ ಸದ್ಭಾವವೇ ಎಂದು ನಂಬಿ, ಪ್ರಮಾಣಜ್ಞಾನವನ್ನು ಪಂಡಿತರ ಶುಷ್ಕವಿನೋದವೆಂದು ತಳ್ಳಿಹಾಕುವವರು ಈ ಗುಂಡಿಯ ಅಂಚಿನಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು.

ಅನನುಭವಿಗೆ ಒಂದು ಅನುಕೂಲವಿರುವುದು ಇಲ್ಲಿಯೇ. ಅವನಲ್ಲಿ ಸಂಶಯವಿನ್ನೂ ಸತ್ತಿರುವುದಿಲ್ಲ. ನ್ಯಾಯದರ್ಶನವು ಎಣಿಸುವ ಹದಿನಾರು ಪದಾರ್ಥಗಳಲ್ಲಿ, ಪ್ರಮಾಣ ಪ್ರಮೇಯಗಳಾದೊಡನೆ ಮೂರನೆಯ ಸ್ಥಾನವು ಸಂಶಯಕ್ಕೆ ಸಂದಿದೆ. ನಿರ್ಣಯವು ಅದಾದ ಬಹಳ ಅನಂತರ ಎಲ್ಲಿಯೋ ಬರುತ್ತದೆ. ತನಗೆ ತಿಳಿಯದೆಂಬುದನ್ನು ತಿಳಿದವನು ಕೇಳಲು ಸಂಕೋಚಪಡನು, ಮತ್ತು ಈ ಕಾರ್ಯದಲ್ಲಿ ಕೇಳುವುದೇ ಮುಕ್ಕಾಲು ಪಾಲು ಕೆಲಸ.

ಯಾರನ್ನು ಕೇಳಬೇಕು? ಪ್ರತ್ಯಕ್ಷವಿಲ್ಲದವನಿಗೆ ಅನುಮಾನದ ಬಳಿಕ ಉಳಿಯುವುದು ಶಬ್ದಪ್ರಮಾಣ, ಎಂದರೆ ಆಪ್ತನ ಮಾತು. ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದು ಹೇಳುವ, ನ್ಯಾಯಸೂತ್ರಗಳ ಭಾಷ್ಯಕಾರನಾದ ವಾತ್ಸ್ಯಾಯನನು, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಸಮನಾಗಿ ಸಲ್ಲುವುದೆಂದು ಸೇರಿಸಿದ್ದಾನೆ. ಕುಲವನ್ನೂ ಪದವಿಯನ್ನೂ ಬದಿಗಿಟ್ಟು ತಿಳಿವನ್ನೂ ಪ್ರಾಮಾಣಿಕತೆಯನ್ನೂ ಮಾತ್ರ ಎಣಿಸಿದ ಈ ವಾಕ್ಯವನ್ನು ನಾವು ನಮ್ಮ ಸಮಾಜದಲ್ಲಿ ಎಷ್ಟರಮಟ್ಟಿಗೆ ನಡೆಸಿಕೊಂಡು ಬಂದೆವೆಂಬುದು ನಾಚಿಕೆಯ ವಿಷಯ.

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ನೆನೆಯುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಕೈಹಾಕಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಚಾಂಪಿಯನ್ ರೀಫಿನಂತಹ ಗಣಿಗಳಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯರು ಇಳಿದು ದುಡಿದರು. ಅಷ್ಟು ಆಳದಲ್ಲಿ ಬಂಡೆಯು ತನ್ನ ಮೇಲಿನ ಭಾರವನ್ನು ತಾಳಲಾರದೆ ಹಠಾತ್ತಾಗಿ ಸಿಡಿಯುತ್ತದೆ; ರಾಕ್ ಬರ್ಸ್ಟ್ ಎಂದು ಗಣಿಯವರು ಕರೆಯುತ್ತಿದ್ದ ಈ ಸಿಡಿತಗಳು ಸುರಂಗಗಳನ್ನು ಮುರಿದು, ಮೇಲಿನ ಊರಿನ ಮನೆಗಳನ್ನೂ ನಡುಗಿಸುತ್ತಿದ್ದವು. ಅದನ್ನು ಅಳೆಯಲು ಭೂಕಂಪಮಾಪಕಗಳು ಬಂದವು. 1988ರಲ್ಲಿ ಶಿಲಾಬಲವಿಜ್ಞಾನಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆಯು ಅಲ್ಲಿಯೇ ಸ್ಥಾಪಿತವಾಯಿತು. ಆದರೆ ಉಪಕರಣಗಳೆಲ್ಲಕ್ಕೂ ಮೊದಲು, ಉಪಕರಣಗಳು ಬಂದ ಮೇಲೆಯೂ, ಗಣಿಗಾರನ ಕೈಯಲ್ಲಿದ್ದುದು ಒಂದು ಕಬ್ಬಿಣದ ಸಲಾಕೆ. ತಲೆಯ ಮೇಲಿನ ಬಂಡೆಯನ್ನು ಅದರಿಂದ ತಟ್ಟಿ, ಗಟ್ಟಿಯಾದ ಬಂಡೆಯು ಕೊಡುವ ಖಣಖಣ ನಾದಕ್ಕೂ ಸಡಿಲಾದ ಬಂಡೆಯ ಟೊಳ್ಳುಸದ್ದಿಗೂ ಇರುವ ಅಂತರವನ್ನು ಕಿವಿಯಿಂದ ನಿರ್ಣಯಿಸುವುದು ಲೋಕದ ಗಣಿಗಳಲ್ಲೆಲ್ಲ ಬಳಕೆಯಲ್ಲಿರುವ ವಿದ್ಯೆ. ಕೋಲಾರದಲ್ಲಿ ಆ ಸಲಾಕೆಯನ್ನು ಹಿಡಿದವರು ಬಹುಮಟ್ಟಿಗೆ ಉತ್ತರ ಆರ್ಕಾಟಿನ ಕಡೆಯಿಂದ ಬಂದ, ಹಳ್ಳಿಗಳಲ್ಲಿ ಊರ ಹೊರಗೆ ಇರಿಸಲ್ಪಟ್ಟಿದ್ದ ಜನ. ಅವರ ಮಾತು ತಮಿಳು, ಗಣಿಯ ದಫ್ತರದ ಭಾಷೆ ಇಂಗ್ಲಿಷು. ದೇವಾಲಯದ ಹೊಸ್ತಿಲನ್ನು ತುಳಿಯಲು ಯಾರಿಗೆ ಅಧಿಕಾರವಿಲ್ಲವೆಂದು ಸಮಾಜವು ಹೇಳಿತ್ತೋ, ಪಾತಾಳದಂಥ ಆ ಕತ್ತಲೆಯಲ್ಲಿ ಜೀವ ಮರಣಗಳ ವಿಷಯದಲ್ಲಿ ಅವರೇ ಆಪ್ತರಾಗಿದ್ದರು. ಆ ಬಂಡೆಯ ಸದ್ದನ್ನು ಎಂದೂ ಕೇಳದ ಮೇಲಧಿಕಾರಿಗೆ ಶಾಸ್ತ್ರವೂ ವಿವೇಕವೂ ಒಂದೇ ದಾರಿಯನ್ನು ತೋರಿಸುತ್ತಿದ್ದವು: ಸಲಾಕೆ ಹಿಡಿದವನನ್ನು ಕೇಳಿ ನಡೆಯುವುದು. ಹೊಸಬನಾದ ನಮ್ಮ ತರುಣನಿಗೂ ಇದೇ ದಾರಿ. ಪ್ರೆಸ್ಸಿನ ಮುಂದೆ ಕುಳಿತವನಿಗೆ ಯಾವ ಹೊತ್ತಿನಲ್ಲಿ ಕೈ ತಡವರಿಸುತ್ತದೆಂಬುದು ಗೊತ್ತು. ಕಸ ಗುಡಿಸುವ ಹೆಂಗಸಿಗೆ ಎಣ್ಣೆ ಎಲ್ಲಿ ಸೋರುತ್ತದೆಂಬುದು ಗೊತ್ತು. ಕಾವಲುಗಾರನಿಗೆ ಯಾವ ಗೋಡೆಯನ್ನು ಹತ್ತಿ ಬರಬಹುದೆಂಬುದು ಗೊತ್ತು. ಇವರಾರೂ ತಾವಾಗಿ ಹೇಳರು, ಏಕೆಂದರೆ ಇವರನ್ನು ಯಾರೂ ಕೇಳಿದವರಲ್ಲ, ಮತ್ತು ಹೇಳಿದವರಿಗೆ ಕೆಲಸ ಹೋದದ್ದನ್ನು ಇವರು ಕಂಡಿರುವುದುಂಟು.

ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ಅನನುಭವಿಗಳ ಮೇಲೆ ಪ್ರಯೋಗಿಸುವುದು ನಮ್ಮಲ್ಲಿ ವಾಡಿಕೆ. ಕುಮಾರವ್ಯಾಸನ ಭಾರತದ ಓದುಗರೆಲ್ಲರೂ ವಿರಾಟನ ಮಗನಾದ ಆ ರಾಜಕುಮಾರನ ಬಡಾಯಿಗೂ ಪಲಾಯನಕ್ಕೂ ನಕ್ಕವರೇ. ಆದರೆ ಕಥೆಯು ಪಲಾಯನಕ್ಕೆ ಮುಗಿಯಲಿಲ್ಲ. ಅವನ ಸಾರಥಿಯಾಗಿ ಬಂದವನು, ಅಂತಃಪುರದಲ್ಲಿ ನಾಟ್ಯ ಕಲಿಸುವ ಬೃಹನ್ನಳೆಯೆಂದು ಎಲ್ಲರೂ ಎಣಿಸಿದ್ದ ಅರ್ಜುನನು, ಆ ಯುದ್ಧಭೂಮಿಯಲ್ಲಿ ನಿಜವಾಗಿ ಎಲ್ಲವನ್ನೂ ಬಲ್ಲವನಾಗಿದ್ದನು. ಅದನ್ನು ಅರಿತ ಮೇಲೆ ಉತ್ತರನು ತನ್ನ ಸ್ಥಾನವನ್ನು ಬಿಟ್ಟುಕೊಟ್ಟು ತಾನೇ ಕುದುರೆಗಳ ಹಗ್ಗ ಹಿಡಿದನು. ಗೆದ್ದು ಬಂದ ಮೇಲೆ ಗೆಲುವು ತನ್ನದಲ್ಲವೆಂದು ತಂದೆಯ ಮುಂದೆ ಹೇಳಿದನು. ಭಯವನ್ನು ಒಪ್ಪಿಕೊಂಡು, ಬಲ್ಲವನಿಗೆ ಎಡೆಮಾಡಿಕೊಟ್ಟು, ತನ್ನಿಂದಾಗುವ ಕೆಲಸವನ್ನು ಚೊಕ್ಕವಾಗಿ ಮಾಡಿದ ಈ ಎರಡನೆಯ ಉತ್ತರನು ನಮ್ಮ ಗಾದೆಯೊಳಗೆ ಸೇರದೆ ಹೋದದ್ದು ಅನ್ಯಾಯ.

ಇನ್ನು ದೈವದ ಮಾತು. ಅಪಘಾತವಾದಾಗ ನಾವು ಎರಡರಲ್ಲೊಂದು ಮಾತನ್ನು ಆಡುತ್ತೇವೆ. ಹಣೆಯಲ್ಲಿ ಬರೆದಿತ್ತು ಎನ್ನುತ್ತೇವೆ. ಇಲ್ಲವೆ ಸತ್ತವನದೇ ತಪ್ಪು, ಅವನು ಅಜಾಗರೂಕನಾಗಿದ್ದನು ಎನ್ನುತ್ತೇವೆ. ಗೀತೆಯ ಹದಿನೆಂಟನೆಯ ಅಧ್ಯಾಯವು ಈ ಎರಡು ಮಾತುಗಳಿಗೂ ಎಡೆಗೊಡುವುದಿಲ್ಲ. ಯಾವ ಕರ್ಮವೇ ಆಗಲಿ ಐದು ಕಾರಣಗಳಿಂದ ಆಗುತ್ತದೆಂದು ಅಲ್ಲಿ ಹೇಳಿದೆ: ಅಧಿಷ್ಠಾನ, ಕರ್ತೃ, ಕರಣಗಳು, ನಾನಾ ಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಅದಾದೊಡನೆಯೇ, ಇಷ್ಟೆಲ್ಲ ಇರುವಲ್ಲಿ ಕೇವಲ ಆತ್ಮನೊಬ್ಬನನ್ನೇ ಕರ್ತನೆಂದು ಕಾಣುವವನು ಸರಿಯಾಗಿ ಕಾಣುವವನಲ್ಲವೆಂಬ ಎಚ್ಚರಿಕೆಯೂ ಇದೆ. ಆಚಾರ್ಯರು ಅಧಿಷ್ಠಾನವನ್ನು ಶರೀರವೆಂದೂ ಕರಣಗಳನ್ನು ಇಂದ್ರಿಯಗಳೆಂದೂ ವ್ಯಾಖ್ಯಾನಿಸಿದ್ದಾರೆ. ಅದನ್ನು ಕಾರ್ಖಾನೆಯ ನೆಲಕ್ಕೂ ಯಂತ್ರಕ್ಕೂ ವಿಸ್ತರಿಸುವ ಸ್ವಾತಂತ್ರ್ಯವನ್ನು ನಾನು ತಿಳಿದೇ ತೆಗೆದುಕೊಳ್ಳುತ್ತಿದ್ದೇನೆ.

1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಭೋಪಾಲಿನಲ್ಲಿ ನಡೆದ ವಿಷಾನಿಲದ ದುರಂತವನ್ನು ಈ ಐದರ ಬೆಳಕಿನಲ್ಲಿ ನೋಡಬೇಕು. ಅಧಿಷ್ಠಾನ: ಮಿಥೈಲ್ ಐಸೋಸಯನೇಟಿನಂತಹ ಘೋರ ವಿಷವನ್ನು ಟನ್ನುಗಟ್ಟಲೆ ಕೂಡಿಟ್ಟ ಸ್ಥಾವರವು ಬಡವರ ಜನನಿಬಿಡ ವಸತಿಗಳಿಗೆ ಅಂಟಿಕೊಂಡಿತ್ತು. ಕರ್ತೃಗಳು: ಖರ್ಚು ತಗ್ಗಿಸುವ ಸಲುವಾಗಿ ಸಿಬ್ಬಂದಿಯನ್ನು ಕಡಿಮೆ ಮಾಡಲಾಗಿತ್ತು, ಉಳಿದವರ ತರಬೇತಿಯು ಮೊಟಕಾಗಿತ್ತು. ಕರಣಗಳು: ತೊಟ್ಟಿಯನ್ನು ತಂಪಾಗಿಡುವ ಶೈತ್ಯಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು, ಸೋರಿದ ಅನಿಲವನ್ನು ಸುಡಬೇಕಾಗಿದ್ದ ಗೋಪುರದ ಕೊಳವೆಯು ಕಳಚಿಟ್ಟ ಸ್ಥಿತಿಯಲ್ಲಿತ್ತು. ಚೇಷ್ಟೆ: ತೊಟ್ಟಿಯೊಳಗೆ ನೀರು ಹೊಕ್ಕಿತು. ಇವು ನಾಲ್ಕೂ ಕೂಡಿದ ಮೇಲೆ ಐದನೆಯದು ಬಂದಿತು: ಚಳಿಗಾಲದ ರಾತ್ರಿ, ಮೇಲೇರದೆ ನೆಲದ ಮೇಲೆ ಹರಿದ ಭಾರವಾದ ಹೊಗೆ, ಮಲಗಿದ್ದ ಜನರ ಕಡೆಗೆ ಬೀಸಿದ ಗಾಳಿ. ಗಾಳಿಯು ಯಾವ ದಿಕ್ಕಿಗೆ ಬೀಸಬೇಕೆಂಬುದು ಮನುಷ್ಯನ ಕೈಯಲ್ಲಿರಲಿಲ್ಲ, ನಿಜ. ಉಳಿದ ನಾಲ್ಕೂ ಅವನ ಕೈಯಲ್ಲಿದ್ದವು. ಆಪ್ತವಾಕ್ಯದ ಕೊರತೆಯೂ ಇರಲಿಲ್ಲ. ಪತ್ರಕರ್ತರಾದ ರಾಜಕುಮಾರ ಕೇಸ್ವಾನಿಯವರು 1982ರಿಂದಲೇ, ಊರು ಜ್ವಾಲಾಮುಖಿಯ ಮೇಲೆ ಕುಳಿತಿದೆಯೆಂಬರ್ಥದ ಎಚ್ಚರಿಕೆಗಳನ್ನು ಬರೆದು ಪ್ರಕಟಿಸಿದ್ದರು. ಅವರು ರಸಾಯನವಿಜ್ಞಾನದ ಪಂಡಿತರಲ್ಲ, ಕಾರ್ಖಾನೆ ನಡೆಸಿದವರಲ್ಲ. ಒಳಗೆ ದುಡಿಯುತ್ತಿದ್ದವರ ಮಾತಿಗೆ ಕಿವಿಗೊಟ್ಟು, ಕಾಗದಪತ್ರಗಳನ್ನು ಓದಿ, ಅನುಮಾನಪ್ರಮಾಣದಿಂದ ಅನಾಗತವನ್ನು ಕಂಡ ಒಬ್ಬ ಅನನುಭವಿ. ಅನುಭವಿಗಳೆನಿಸಿಕೊಂಡವರು ಅದನ್ನು ಕಾಣಲಿಲ್ಲ.

ಈ ದುರಂತದ ಮರುವರ್ಷ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲವು ಸೋರಿದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಪಿ. ಎನ್. ಭಗವತಿಯವರ ನೇತೃತ್ವದ ಐವರ ಪೀಠವು 1986ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪನ್ನು ಧರ್ಮಜಿಜ್ಞಾಸೆಯ ಗ್ರಂಥವೆಂದೇ ನಾನು ಎಣಿಸುತ್ತೇನೆ. ಹಳೆಯ ಇಂಗ್ಲಿಷ್ ನ್ಯಾಯವು ದೈವಕೃತ್ಯವೆಂಬ ವಿನಾಯಿತಿಯನ್ನು ಒಡೆಯನಿಗೆ ಕೊಟ್ಟಿತ್ತು. ಅಪಾಯಕರ ಉದ್ಯಮವನ್ನು ಲಾಭಕ್ಕಾಗಿ ನಡೆಸುವವನಿಗೆ ಅಂಥ ಯಾವ ವಿನಾಯಿತಿಯೂ ಸಲ್ಲದೆಂದು ನಮ್ಮ ನ್ಯಾಯಾಲಯವು ವಿಧಿಸಿತು. ದೇವರನ್ನು ನಂಬುವವರು ಇದರಿಂದ ನೊಂದುಕೊಳ್ಳಬೇಕಾಗಿಲ್ಲ. ಕಳಚಿಟ್ಟ ಕೊಳವೆಯ ಹೊಣೆಯನ್ನು ಪರಮೇಶ್ವರನ ತಲೆಗೆ ಕಟ್ಟುವುದೇ ನಿಜವಾದ ನಿಂದೆ.

ಕಾವಲಿನ ವಿಷಯವಾಗಿಯೂ ಒಂದೆರಡು ಮಾತು ಹೇಳತಕ್ಕದ್ದಿದೆ. ಕಳವಾಗದಂತೆ ಸ್ವತ್ತನ್ನು ಕಾಯುವುದೂ ಕೇಡಾಗದಂತೆ ಪ್ರಾಣವನ್ನು ಕಾಯುವುದೂ ಒಂದೇ ಕೆಲಸದ ಎರಡು ಮುಖಗಳೆಂದು ಹೊಸಬನಿಗೆ ತೋರುತ್ತದೆ. ಅವು ಎಷ್ಟೋ ವೇಳೆ ಒಂದಕ್ಕೊಂದು ವೈರಿಗಳು. ನ್ಯೂಯಾರ್ಕಿನ ಟ್ರಯಾಂಗಲ್ ಕಾರ್ಖಾನೆಯಲ್ಲಿ, ಹೆಂಗಸರು ಬಟ್ಟೆಯ ತುಂಡುಗಳನ್ನು ಕದ್ದೊಯ್ಯದಂತೆ ಅವರ ಕೈಚೀಲಗಳನ್ನು ತಪಾಸಣೆ ಮಾಡಲು ಅನುಕೂಲವಾಗಲೆಂದು ಒಂದು ಬಾಗಿಲಿಗೆ ಬೀಗ ಹಾಕುತ್ತಿದ್ದರು; 1911ರ ಮಾರ್ಚ್ 25ರಂದು ಬೆಂಕಿ ಹೊತ್ತಿದಾಗ ಆ ಬೀಗವು ಬೀಗವಾಗಿಯೇ ಇತ್ತು, ಮತ್ತು ಅಂದು ಸತ್ತವರು 146 ಮಂದಿ, ಬಹುಪಾಲು ಎಳೆಯ ಹೆಣ್ಣುಮಕ್ಕಳು. ನೂರು ವರ್ಷಗಳು ಕಳೆದರೂ ಹೊರಗಿನಿಂದ ಬೀಗ ಹಾಕಿದ ಗೋಡೌನುಗಳಲ್ಲಿ ರಾತ್ರಿ ಪಾಳಿಯವರು ಮಲಗುವುದು ತಪ್ಪಿಲ್ಲ. ಸ್ವತ್ತು ಪ್ರಾಣಗಳ ನಡುವೆ ಆಯ್ಕೆ ಬಂದಲ್ಲಿ ಧರ್ಮವು ಯಾವ ಕಡೆಗಿದೆಯೆಂಬುದರಲ್ಲಿ ಯಾವ ದರ್ಶನಕ್ಕೂ ಭಿನ್ನಾಭಿಪ್ರಾಯವಿಲ್ಲ. ಇದನ್ನು ಅರಿಯಲು ಅನುಭವವೂ ಬೇಕಾಗಿಲ್ಲ.

ನವರಾತ್ರಿಯ ಆಯುಧಪೂಜೆಯಂದು ನಮ್ಮ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ವಿಶ್ರಾಂತಿ. ಅವನ್ನು ನಿಲ್ಲಿಸಿ, ಒರೆಸಿ, ಸಂದುಗೊಂದುಗಳ ಮಡ್ಡಿಯನ್ನು ಕೆರೆದು, ಅರಿಸಿನ ಕುಂಕುಮವಿಟ್ಟು ಬೂದುಗುಂಬಳ ಒಡೆಯುತ್ತಾರೆ. ಇದನ್ನು ಮೂಢಾಚಾರವೆಂದು ಹಳಿಯುವವರ ಪಂಕ್ತಿಯಲ್ಲಿ ನಾನಿಲ್ಲ. ದುಡಿಮೆಯ ಕರಣವನ್ನು ಕೈಯಿಂದ ಮುಟ್ಟಿ, ಅದರ ಪ್ರತಿಯೊಂದು ಅಂಗವನ್ನು ಕಣ್ಣಿಟ್ಟು ನೋಡಿ, ತನ್ನ ಅನ್ನವೂ ಅಪಾಯವೂ ಎರಡೂ ಅದರಲ್ಲಿವೆಯೆಂದು ನೆನೆಯುವ ದಿನ ಅದು. ನೋಡುವ ಕಣ್ಣಿದ್ದರೆ ಪೂಜೆಯೇ ಪರೀಕ್ಷೆಯೂ ಆಗುತ್ತದೆ, ಸಡಿಲಾದ ಬೋಲ್ಟೂ ಸವೆದ ಬೆಲ್ಟೂ ಆ ದಿನ ಕಣ್ಣಿಗೆ ಬೀಳುತ್ತವೆ. ಆದರೆ ಕೆಲಸ ನಿಧಾನವಾಗುವುದೆಂದು ಪ್ರೆಸ್ಸಿನ ಗಾರ್ಡನ್ನು ಕಳಚಿ ಮೂಲೆಗೆ ಎಸೆದು, ಆ ಪ್ರೆಸ್ಸಿಗೇ ಸೇವಂತಿಗೆಯ ಹಾರ ಹಾಕುವುದನ್ನು ಪೂಜೆಯೆಂದು ನನ್ನಿಂದ ಕರೆಯಲಾಗದು. ಕೆಲಸಗಾರನ ಬೆರಳುಗಳನ್ನು ಪಣವಾಗಿಟ್ಟು ಪಡೆದ ವೇಗಕ್ಕೆ ದೇವಿಯ ಆಶೀರ್ವಾದವನ್ನು ಕೋರುವುದು ಅಧರ್ಮ.

ಆದುದರಿಂದ ಹೊಸದಾಗಿ ಈ ಹೊಣೆ ಹೊತ್ತಿರುವ ತರುಣ ತರುಣಿಯರಲ್ಲಿ ನನ್ನ ಬಿನ್ನಹವಿಷ್ಟು: ನಿಮಗೆ ತಿಳಿಯದೆಂಬುದನ್ನು ಮರೆಮಾಡಬೇಡಿರಿ, ರಿಜಿಸ್ಟರಿಗೆ ಸಹಿ ಹಾಕುವುದಕ್ಕೆ ಮೊದಲು ಒಂದು ಪೂರ್ತಿ ಪಾಳಿಯನ್ನು ಯಂತ್ರಗಳ ನಡುವೆ ನಿಂತು ನೋಡಿರಿ, ರಾತ್ರಿ ಪಾಳಿಯ ಕೆಲಸಗಾರರನ್ನೂ ಕಾವಲುಗಾರನನ್ನೂ ಬಹುವಚನದಿಂದ ಮಾತನಾಡಿಸಿ ಅವರಿಗೆ ಯಾವುದರ ಭಯವಿದೆಯೆಂದು ಕೇಳಿರಿ, ಒಳಗೆ ಜನರಿರುವಾಗ ಹೊರಗಿನಿಂದ ಹಾಕುವ ಬೀಗವೊಂದಿದ್ದರೆ ಅದನ್ನು ಇಂದೇ ತೆಗೆಸಿರಿ. ಮಾಲೀಕರಲ್ಲಿ ನನ್ನ ಬಿನ್ನಹ ಇನ್ನೂ ಚಿಕ್ಕದು: ಈ ಕೆಲಸವನ್ನು ಯಾರಿಗೆ ಒಪ್ಪಿಸುತ್ತೀರೋ ಅವರಿಗೆ, ಯಾರ ಅಪ್ಪಣೆಯನ್ನೂ ಕೇಳದೆ ಯಾವ ಯಂತ್ರವನ್ನಾದರೂ ನಿಲ್ಲಿಸುವ ಅಧಿಕಾರವನ್ನು ಬರೆಹದಲ್ಲಿ ಕೊಟ್ಟು, ಹಾಗೆ ಕೊಟ್ಟಿರುವ ಸಂಗತಿಯನ್ನು ನಿಮ್ಮ ಕೆಲಸಗಾರರು ಆಡುವ ಭಾಷೆಗಳೆಲ್ಲದರಲ್ಲಿಯೂ ಗೇಟಿನ ಬಳಿ ಬರೆದು ಹಾಕಿಸಿರಿ.